ಒಂಟಿ ಗ್ಯಾಲಕ್ಸಿಯ ಸುತ್ತ ನಾನಿಟ್ಟ ನಾಲ್ಕು ಗುರುತು

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲೇ ಒಂದು ಮಾತು. ಪರದೆಯ ಮೇಲೆ ನಿಮಗೆ ಏನು ಕಾಣುತ್ತದೋ ಅದನ್ನು ಬರೆಯಿರಿ. ಸೂಪರ್‌ವೈಸರ್‌ಗೆ ಬೇಕಾದದ್ದನ್ನು ಬರೆಯಬೇಡಿ. ನಾನು ಬರೆದೆ. ಅದರಿಂದ ಪಕ್ಕದ ಕುರ್ಚಿಯ ವೇಣಕ್ಕನ ಕೆಲಸ ಹೋಯಿತು. ಕೆಲಸದ ಜೊತೆ ಹೆಸರೂ ಹೋಯಿತು. ಹೆಸರು ಹೋದದ್ದು ಇವತ್ತಿಗೂ ಪೂರ್ತಿ ವಾಪಸ್ ಬಂದಿಲ್ಲ. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಮೂವತ್ತೊಂದು ವರ್ಷ. ಈ ವಯಸ್ಸಿಗೆ ಯಾರೂ ರಿಟೈರ್ ಆಗುವುದಿಲ್ಲ, ನಾನಾದೆ. ಎಡಗಣ್ಣಿನ ನಡುವೆ ಒಂದು ಮಬ್ಬು ಕೂತಿದೆ. ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತದೆ. ಕೋಲಾರದ ಕಣ್ಣಿನ ಡಾಕ್ಟರು ಇದು ಕೆಲಸದಿಂದಲೇ ಬಂತು ಎಂದು ಹೇಳಲಾಗುವುದಿಲ್ಲ ಎಂದರು. ಆದರೂ ದಿನಕ್ಕೆ ಎಂಟು ಗಂಟೆ ಮಬ್ಬು ಚುಕ್ಕೆ ಹುಡುಕುವ ಕೆಲಸ ನಿಮ್ಮಿಂದ ಇನ್ನಾಗುವುದಿಲ್ಲ ಎಂದರು. ಐದು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ನಾನು ಮುನಿರಾಜು. ದೇವರಾಯಸಮುದ್ರದ ಹತ್ತಿರದವನು. ಒಂಬತ್ತನೇ ಕ್ಲಾಸು ಫೇಲು. ಇದಕ್ಕೆ ಮುಂಚೆ ಕೋಲಾರದ ಮಾರ್ಕೆಟ್ಟಿನಲ್ಲಿ ಟೊಮ್ಯಾಟೊ ಗ್ರೇಡ್ ಮಾಡುತ್ತಿದ್ದೆ. ಶ್ರೀನಿವಾಸಪುರದಲ್ಲಿ ಪೈಪು ಅಂಗಡಿಯ ಮಹಡಿ ಮೇಲೆ ಒಂದು ಆಫೀಸು ತೆರೆದರು. ಫೋಟೋದಲ್ಲಿ ಏನೇನಿದೆ ಎಂದು ಗುರುತು ಹಾಕುವ ಕೆಲಸ. ಓದು ಬೇಡ, ಒಳ್ಳೆ ಕಣ್ಣು ಸಾಕು ಎಂದರು. ಟೊಮ್ಯಾಟೊ ಆರಿಸುತ್ತಿದ್ದವರು, ಮಾವಿನಕಾಯಿ ಆರಿಸುತ್ತಿದ್ದವರು, ಶಿವಾರಪಟ್ಟಣದಲ್ಲಿ ವಿಗ್ರಹಕ್ಕೆ ಕಣ್ಣು ಕೆತ್ತುತ್ತಿದ್ದ ಒಬ್ಬ, ಹೀಗೆ ಹನ್ನೆರಡು ಜನ ಸೇರಿದೆವು. ಮೊದಲ ವರ್ಷ ರಸ್ತೆ ಫೋಟೋಗಳಲ್ಲಿ ಹಸು, ಆಟೋ, ಹೊಂಡ ಗುರುತು ಹಾಕಿದೆವು. ಆಮೇಲೆ ಆಕಾಶ ಬಂತು.

ಆಕಾಶ ಅಂದರೆ ನೀವು ಅಂದುಕೊಳ್ಳುವ ಬಣ್ಣಬಣ್ಣದ ಫೋಟೋ ಅಲ್ಲ. ಬೂದು ಬಣ್ಣದ ಚೌಕ. ನಡುವೆ ಒಂದು ದೊಡ್ಡ ಗ್ಯಾಲಕ್ಸಿ, ಸುತ್ತ ಸಾವಿರ ಚುಕ್ಕೆ. ಅದರಲ್ಲಿ ಈ ದೊಡ್ಡದಕ್ಕೆ ಸೇರಿದ ಕುಬ್ಜ ಗ್ಯಾಲಕ್ಸಿಗಳು ಯಾವುವು ಎಂದು ಗುರುತು ಹಾಕಬೇಕು. ಕುಬ್ಜ ಗ್ಯಾಲಕ್ಸಿ ಅಂದರೆ ಬಹಳ ಸಣ್ಣದು, ಬಹಳ ಮಂಕು. ಒದ್ದೆ ಬೆರಳಿನಿಂದ ಗೋಡೆ ಒರೆಸಿದರೆ ಉಳಿಯುವ ಕಲೆಯ ಹಾಗೆ. ನಾವು ಅದಕ್ಕೆ ಮರಿ ಎನ್ನುತ್ತಿದ್ದೆವು. ನಡುವಿನದು ಒಂಟಿ. ಅದರ ಹತ್ತಿರ ಅದರಷ್ಟೇ ದೊಡ್ಡದು ಇನ್ನೊಂದಿಲ್ಲ, ಹಾಗಾಗಿ ಒಂಟಿ. ನಮಗೆ ಹೇಳಿದ್ದು ಇಷ್ಟೇ. ಯಾಕೆ ಎಣಿಸಬೇಕು ಎಂದು ಯಾರೂ ಹೇಳಲಿಲ್ಲ.

ವೇಣಕ್ಕನ ಪೂರ್ತಿ ಹೆಸರು ನಾಗವೇಣಿ. ರಾಯಲ್ಪಾಡಿನವರು. ನನಗಿಂತ ಹತ್ತು ವರ್ಷ ದೊಡ್ಡವರು. ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ತೆಲುಗು, ಆಫೀಸಿನಲ್ಲಿ ಕನ್ನಡ, ಸಿಟ್ಟು ಬಂದರೆ ಮತ್ತೆ ತೆಲುಗು. ಮಾವಿನ ಮಂಡಿಯಲ್ಲಿ ಕಾಯಿ ಆರಿಸುತ್ತಿದ್ದರು. ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ಕಪ್ಪಿದ್ದರೂ ಬಿಡುತ್ತಿರಲಿಲ್ಲವಂತೆ.

ಈ ಕೆಲಸದಲ್ಲಿ ಉಪಯೋಗಕ್ಕೆ ಬರುವುದನ್ನೆಲ್ಲ ಕಲಿಸಿದ್ದು ಅವರು, ಟ್ರೇನಿಂಗ್ ಕೊಡಲು ಬಂದಿದ್ದ ಟೈ ಕಟ್ಟಿದವನಲ್ಲ. ಬೂದು ಫೋಟೋವನ್ನು ಉಲ್ಟಾ ಮಾಡಿಕೊಳ್ಳಿ, ಆಕಾಶ ಬೆಳ್ಳಗೆ, ಚುಕ್ಕೆ ಕಪ್ಪಗೆ. ಮಂಕಾದದ್ದು ಆಗ ಕಾಣುತ್ತದೆ. ಹತ್ತಿರ ಎಳೆದು ನೋಡಬೇಡಿ, ದೂರ ತಳ್ಳಿ ನೋಡಿ. ಹತ್ತಿರ ಎಳೆದರೆ ಮರಿ ಕರಗಿಹೋಗುತ್ತದೆ. ಅನುಮಾನ ಇದ್ದರೆ ಎದ್ದು ಹೋಗಿ ನೀರು ಕುಡಿದು ಬನ್ನಿ. ವಾಪಸ್ ಬಂದಾಗಲೂ ಅಲ್ಲೇ ಇದ್ದರೆ ಗುರುತು ಹಾಕಿ.

ಒಮ್ಮೆ ನಾನು ಒಂದೇ ಫೋಟೋದಲ್ಲಿ ನಲವತ್ತು ಮರಿ ಕಂಡುಹಿಡಿದೆ. ಇಡೀ ಆಫೀಸಿಗೆ ಕೂಗಿ ಹೇಳಿದೆ. ವೇಣಕ್ಕ ಕುರ್ಚಿ ತಿರುಗಿಸಿ ನೋಡಿದರು.

"ಏನ್ಲಾ ಇದು?"

"ಮರಿ, ವೇಣಕ್ಕ. ನಲ್ವತ್ತಿವೆ!"

"ಧೂಳು ಕಣೋ ಅದು. ನಮ್ ರಾಯಲ್ಪಾಡು ಬಸ್ಸಲ್ಲಿ ಕೂತಿದೀಯೇನೋ ಯಾವತ್ತಾದ್ರೂ? ಕಿಟಕಿ ಗಾಜಿನ್ ಮೇಲೆ ಕೊಳೆ ಇರತ್ತೆ, ಆಚೆ ಬೆಟ್ಟ ಇರತ್ತೆ. ಕೊಳೆನೇ ಬೆಟ್ಟ ಅನ್ಕೊಂಡ್ರೆ ಹೆಂಗೆ?"

"ನಿಮ್ಗೆ ಹೊಟ್ಟೆಕಿಚ್ಚು."

"ಹೂಂ, ನಲ್ವತ್ತು ಮರಿ ಹಾಕಿದೀಯಲ್ಲ, ಬಾಣಂತನ ಮಾಡೋಕೆ ನಾನಿಲ್ಲ ಅಂತ ಹೊಟ್ಟೆಕಿಚ್ಚು."

ಎಲ್ಲರೂ ನಕ್ಕರು. ವಾರದ ನಂತರ ಫೋಟೋ ಕಳಿಸಿದ ಸಂಶೋಧನೆಯವರಿಂದ ಪತ್ರ ಬಂತು. ಅದು ನಮ್ಮದೇ ಗ್ಯಾಲಕ್ಸಿಯ ಧೂಳಂತೆ, ನಮಗೂ ಆ ದೂರದ್ದಕ್ಕೂ ನಡುವೆ ತೇಲುವ ಧೂಳಂತೆ. ಥೇಟ್ ಬಸ್ಸಿನ ಗಾಜಿನ ಕೊಳೆ. ನಾನು ಕ್ಷಮಿಸಿ ಎನ್ನಲಿಲ್ಲ. ಟೀ ತಂದುಕೊಟ್ಟೆ. ಅವರು ಕುಡಿದರು.

ಈಗ ಸೂಪರ್‌ವೈಸರ್ ಶ್ರೀಧರ್ ವಿಷಯ. ಅವರು ಕೆಟ್ಟವರು ಎಂದು ಬರೆದು ಕೈ ತೊಳೆದುಕೊಳ್ಳುವುದು ಸುಲಭ. ಕೆಟ್ಟವರಲ್ಲ, ಸೋಮಾರಿ. ಫೋಟೋ ನೋಡಲು ಸೋಮಾರಿತನ, ಅಂಕಿ ನೋಡಲು ಉತ್ಸಾಹ. ಇಂಥವರು ನಿಮಗೂ ಸಿಗುತ್ತಾರೆ, ಹುಷಾರಾಗಿರಿ.

ಒಂದು ಫೋಟೋವನ್ನು ಇಬ್ಬರು ನೋಡಬೇಕು ಎಂಬುದು ನಿಯಮ. ಇಬ್ಬರ ಎಣಿಕೆ ಒಂದೇ ಇದ್ದರೆ ಸರಿ. ಬೇರೆ ಇದ್ದರೆ ಸೂಪರ್‌ವೈಸರ್ ಫೋಟೋ ನೋಡಿ ತೀರ್ಮಾನಿಸಬೇಕು. ಶ್ರೀಧರ್ ನೋಡುತ್ತಿರಲಿಲ್ಲ. ಎಲ್ಲರ ಎಲ್ಲ ಫೋಟೋಗಳ ಎಣಿಕೆ ಕೂಡಿಸಿ, ಸರಾಸರಿ ತೆಗೆದು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಯಾರ ಎಣಿಕೆ ಸರಾಸರಿಯ ಹತ್ತಿರ ಇದೆಯೋ ಅವನು ಸರಿ, ದೂರ ಇದ್ದವನು ತಪ್ಪು. ಇಬ್ಬರಿಬ್ಬರ ಎಣಿಕೆ ಹೆಚ್ಚು ಹೊಂದಿದರೆ ಶ್ರೀಧರ್‌ಗೆ ಕಂಪನಿಯ ಮೇಲಿನ ಆಫೀಸಿನಲ್ಲಿ ಒಳ್ಳೆಯ ಹೆಸರು.

ನಾನೂ ವೇಣಕ್ಕನೂ ಒಂದು ಜೋಡಿ. ಅವರ ಎಣಿಕೆ ಒಂದು ಫೋಟೋಗೆ ಹನ್ನೆರಡು ಇದ್ದರೆ ಇನ್ನೊಂದಕ್ಕೆ ಸೊನ್ನೆ. ಮತ್ತೊಂದಕ್ಕೆ ಒಂಬತ್ತು, ಆಮೇಲೆ ಒಂದು. ನನ್ನದೂ ಮೊದಲಿಗೆ ಹಾಗೇ ಇತ್ತು. ಬೋರ್ಡಿನಲ್ಲಿ ನನ್ನ ಹೆಸರು ಎರಡು ವಾರ ಕೆಂಪು ಅಕ್ಷರದಲ್ಲಿ ಬಂತು. ಮೂರನೇ ವಾರ ನಾನು ಬಾಕ್ಸ್ ಸಮ ಮಾಡಿದೆ.

ಟೊಮ್ಯಾಟೊ ಮಾರ್ಕೆಟ್ಟಿನಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತು. ಒಂದು ಬಾಕ್ಸಿನಲ್ಲಿ ಬರೀ ದಪ್ಪ, ಇನ್ನೊಂದರಲ್ಲಿ ಬರೀ ಸಣ್ಣದು ಇದ್ದರೆ ಹರಾಜಿನಲ್ಲಿ ಸಣ್ಣದನ್ನು ನೋಡಿ ಇಡೀ ಲಾಟಿನ ಬೆಲೆ ಇಳಿಸುತ್ತಾರೆ. ಅದಕ್ಕೆ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಹಾಕಿ ಎಲ್ಲ ಬಾಕ್ಸನ್ನೂ ಒಂದೇ ಥರ ಮಾಡುತ್ತೇವೆ. ಮೋಸ ಅಂತಲ್ಲ, ಅದೇ ಅಲ್ಲಿನ ಕೆಲಸ. ಸಮ ಮಾಡಿದ ಕೈಗೆ ಒಳ್ಳೆ ಕೈ ಎನ್ನುತ್ತಾರೆ. ನನ್ನ ಕೈಗೂ ಹಾಗೇ ಎನ್ನುತ್ತಿದ್ದರು.

ಆಕಾಶಕ್ಕೂ ಅದನ್ನೇ ಮಾಡಿದೆ. ಹನ್ನೆರಡು ಮರಿ ಇದ್ದ ಫೋಟೋದಲ್ಲಿ ಬಹಳ ಮಂಕಾದ ಏಳನ್ನು ಬಿಟ್ಟೆ. ಒಂದೂ ಇಲ್ಲದ ಫೋಟೋದಲ್ಲಿ ಅನುಮಾನದ ನಾಲ್ಕು ಸೇರಿಸಿದೆ. ನನ್ನ ಹೆಸರು ಹಸಿರಿಗೆ ಬಂತು. ಉಳಿದವರು ಕೇಳಿದರು, ಹೇಳಿಕೊಟ್ಟೆ. ಅವರಲ್ಲೂ ಅರ್ಧ ಜನ ಟೊಮ್ಯಾಟೊದವರೇ, ಎರಡು ಮಾತು ಬೇಕಾಗಲಿಲ್ಲ. ತಿಂಗಳೊಳಗೆ ಇಡೀ ಆಫೀಸು ಹಸಿರು. ನನ್ನನ್ನು ಟೀಮ್ ಲೀಡರ್ ಮಾಡಿದರು. ಅದರ ಬಗ್ಗೆ ಬರೆಯುವುದಿಲ್ಲ, ನಾಚಿಕೆ ಆಗುತ್ತದೆ.

ಕೆಂಪಲ್ಲಿ ಉಳಿದದ್ದು ಒಂದೇ ಹೆಸರು.

"ಎಲ್ರಿಗೂ ಕಾಣೋದು ನಿಮ್ಗೊಬ್ರಿಗೆ ಕಾಣಲ್ವೇನಮ್ಮ?" ಎಂದು ಶ್ರೀಧರ್ ಒಂದು ಮಧ್ಯಾಹ್ನ ಎಲ್ಲರ ಮುಂದೆ ಕೇಳಿದರು. ಗೋಡೆಯ ದೊಡ್ಡ ಪರದೆಯ ಮೇಲೆ ಒಂದು ಫೋಟೋ ಹಾಕಿದ್ದರು. ವೇಣಕ್ಕ ಅದಕ್ಕೆ ಸೊನ್ನೆ ಬರೆದಿದ್ದರು. ನಾನು ನಾಲ್ಕು.

"ಇಲ್ದೇ ಇರೋದು ಹೆಂಗೆ ಕಾಣತ್ತೆ ಸಾರ್?"

"ಸೊನ್ನೆ ಅಂದ್ರೆ ಫೋಟೋ ಓಪನ್ನೇ ಮಾಡಿಲ್ಲ ಅಂತ ಅರ್ಥ."

"ನೋಡ್ದೇನೇ ಬರ್ಯೋದಾಗಿದ್ರೆ ನಾನೂ ನಾಲ್ಕು ಬರೀತಿದ್ದೆ. ಸುಲಭ ಅಲ್ವಾ?"

ಶ್ರೀಧರ್ ನನ್ನ ಕಡೆ ತಿರುಗಿದರು. "ಮುನಿರಾಜು, ನೀನ್ ಹೇಳಪ್ಪ. ಇದ್ಯೋ ಇಲ್ವೋ?"

ಬೋರ್ಡಿನ ಕಡೆ ನೋಡಿ ಹೇಳಿದೆ. "ನಾಲ್ಕಿವೆ ಸಾರ್."

ವೇಣಕ್ಕ ನನ್ನನ್ನೇ ನೋಡಿದರು. "ಬೆರಳಿಟ್ಟು ತೋರ್ಸು."

ಎದ್ದು ಹೋಗಿ ನಾಲ್ಕು ಕಡೆ ಬೆರಳಿಟ್ಟೆ.

"ಅಬದ್ಧಂ ಚೆಪ್ಪಕುರಾ," ಎಂದರು. ಸುಳ್ಳು ಹೇಳಬೇಡ ಕಣೋ ಎಂದು. ಕೂಗಲಿಲ್ಲ. ಮೆಲ್ಲಗೆ, ತಮ್ಮನಿಗೆ ಹೇಳುವ ಹಾಗೆ. ನಾನು ನನ್ನ ಕುರ್ಚಿಗೆ ಬಂದು ಕೂತೆ.

ಆ ವಾರವೇ ಅವರನ್ನು ಕಳಿಸಿಬಿಟ್ಟರು. ಕೊಟ್ಟ ಕಾಗದದಲ್ಲಿ "ಗಮನವಿಲ್ಲದೆ ಕೆಲಸ ಮಾಡುತ್ತಾರೆ" ಎಂದು ಬರೆದಿದ್ದರು. ಕೋಲಾರದಲ್ಲಿ ಇಂಥದೇ ಇನ್ನೊಂದು ಆಫೀಸಿತ್ತು. ವೇಣಕ್ಕ ಅಲ್ಲಿಗೆ ಹೋದರೆ ಆ ಕಾಗದ ಓದಿ ಬಾಗಿಲಿಂದಲೇ ವಾಪಸ್ ಕಳಿಸಿದರು. ಕಾಯಿಯ ಮೇಲೆ ಸೂಜಿಮೊನೆಯಷ್ಟು ಕಪ್ಪನ್ನೂ ಬಿಡದ ಹೆಂಗಸಿಗೆ ಗಮನವಿಲ್ಲವಂತೆ!

ವರ್ಷದ ಮೇಲೆ ಆ ಫೋಟೋಗಳ ಸಂಶೋಧನೆ ಮಾಡುವ ಮೇಡಂ ನಮ್ಮ ಆಫೀಸಿಗೆ ಬಂದರು. ಕನ್ನಡದವರೇ. ಕೂದಲು ಅರ್ಧ ಬೆಳ್ಳಗಾಗಿತ್ತು, ಕೈಯಲ್ಲಿ ಬಟ್ಟೆಯ ಚೀಲ. ಅವರು ಬಂದು ಕೂತ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ಮಾಡಲು ಏನೂ ಇಲ್ಲದೆ ಎಲ್ಲರೂ ಅವರ ಸುತ್ತ ಕುರ್ಚಿ ಎಳೆದುಕೊಂಡೆವು. ನೀವೆಲ್ಲ ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ಟೊಮ್ಯಾಟೊ ಎಂದೆ. ಬಾಕ್ಸ್ ಹೇಗೆ ತುಂಬುತ್ತೀರಿ ಎಂದರು. ನಾನು ಉಬ್ಬಿಹೋಗಿ ಸಮ ಮಾಡುವುದನ್ನು ವಿವರಿಸಿದೆ. ಎಲ್ಲ ಬಾಕ್ಸೂ ಒಂದೇ ಥರ ಇರಬೇಕು ಮೇಡಂ, ಅದೇ ಕಸುಬು ಎಂದೆ.

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಆಮೇಲೆ ಕೇಳಿದರು. "ಫೋಟೋಗೂ ಹಂಗೇ ಮಾಡಿದ್ರಾ, ಮುನಿರಾಜು?"

ಹೂಂ ಎಂದೆ.

ಅವತ್ತು ಮೊದಲ ಸಲ ಆ ಕೆಲಸ ಯಾಕೆ ಎಂದು ಗೊತ್ತಾಯಿತು. ಮೇಡಂ ಕಾಗದದ ಮೇಲೆ ಬರೆದು ತೋರಿಸಿದರು. ನನ್ನ ಮಾತಲ್ಲಿ ಹೇಳುತ್ತೇನೆ. ಊರಾಚೆ ತೋಟದಲ್ಲಿ ಒಂದು ಒಂಟಿ ಮನೆ ಇದೆ. ಒಂಟಿಯೇ ಹೌದು, ಆದರೆ ಸ್ವಲ್ಪ ದೂರದಲ್ಲಿ ದೊಡ್ಡ ಊರಿದೆ, ರಸ್ತೆ ಇದೆ. ಇನ್ನೊಂದು ಮನೆ ಬಂಡೆಗಳ ನಡುವೆ ಇದೆ. ಅದೂ ಒಂಟಿ, ಆದರೆ ಎತ್ತ ನೋಡಿದರೂ ಜನವೇ ಇಲ್ಲ. ಗ್ಯಾಲಕ್ಸಿಗಳೂ ಹೀಗೇ. ಒಂಟಿಗಳಲ್ಲೇ ಎರಡು ಥರ. ದೂರದಲ್ಲಿ ಗ್ಯಾಲಕ್ಸಿಗಳ ದೊಡ್ಡ ಗುಂಪು ಇರುವ ಒಂಟಿ, ಎಲ್ಲ ಕಡೆ ಖಾಲಿ ಇರುವ ಒಂಟಿ. ಆ ದೂರದ ನೆರೆಹೊರೆ ಒಂಟಿಯ ಸುತ್ತಲಿನ ಮರಿಗಳ ಸಂಖ್ಯೆಯನ್ನು ಬದಲಿಸುತ್ತದೆಯೋ ಇಲ್ಲವೋ? ಮೇಡಂ ಹುಡುಕುತ್ತಿದ್ದದ್ದು ಇಷ್ಟನ್ನೇ.

ಹುಡುಕುತ್ತಿದ್ದದ್ದೇ ವ್ಯತ್ಯಾಸ. ನಾವು ಅಳಿಸಿದ್ದೂ ಅದನ್ನೇ.

"ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ ಮೇಡಂ?" ಎಂದೆ. ನನಗೂ ಸಿಟ್ಟು ಬಂದಿತ್ತು.

"ಬೇಕಂತ್ಲೇ ಹೇಳ್ಲಿಲ್ಲ. ಖಾಲಿ ಜಾಗದಲ್ಲಿ ಕಮ್ಮಿ ಇರಬಹುದು ಅಂದಿದ್ರೆ ನಿಮ್ ಕಣ್ಣು ಕಮ್ಮಿನೇ ಹುಡುಕ್ತಿತ್ತು. ಕಂಡಿದ್ದನ್ನ ಬರೀಲಿ ಅಂತ ಬಿಟ್ಟೆ."

ಕಾರಣ ಹೇಳದೇ ಇರುವುದು ಒಂದು. ಕಂಡಿದ್ದನ್ನು ಬರೆಯಬೇಡಿ ಎಂದು ಬೋರ್ಡು ತೂಗುಹಾಕುವುದು ಇನ್ನೊಂದು. ಮೊದಲನೆಯದನ್ನು ಮೇಡಂ ಒಪ್ಪಿಕೊಂಡರು. ಎರಡನೆಯದು ಅವರಿಗೆ ಗೊತ್ತೇ ಇರಲಿಲ್ಲ.

ಕರೆಂಟು ಬಂದ ಮೇಲೆ ಅವರು ಕಂಪ್ಯೂಟರಿನಲ್ಲಿ ಉಳಿದಿದ್ದ ಹಳೆಯ ಎಣಿಕೆಗಳನ್ನು ತೆರೆದು ಇನ್ನೊಂದು ವಿಷಯ ತೋರಿಸಿದರು. ಕೆಲವು ಫೋಟೋಗಳಲ್ಲಿ ಅವರೇ ಕಂಪ್ಯೂಟರಿನಲ್ಲಿ ಮಾಡಿದ ಸುಳ್ಳು ಮರಿಗಳನ್ನು ಸೇರಿಸಿದ್ದರು. ನಮ್ಮ ಕಣ್ಣು ಎಷ್ಟು ಹಿಡಿಯುತ್ತದೆ, ಎಷ್ಟು ಬಿಡುತ್ತದೆ ಎಂದು ನೋಡಲು. ನಾವೆಲ್ಲ ಆ ಸುಳ್ಳು ಮರಿಗಳಲ್ಲೂ ಕೆಲವನ್ನು ಬಿಟ್ಟಿದ್ದೆವು, ಏನೂ ಇಲ್ಲದ ಕಡೆ ಗುರುತು ಹಾಕಿದ್ದೆವು.

"ಒಬ್ರು ಮಾತ್ರ ಇಟ್ಟಿದ್ದನ್ನ ಹೆಚ್ಚುಕಮ್ಮಿ ಎಲ್ಲಾ ಹಿಡಿದಿದಾರೆ. ಇಡದೇ ಇರೋ ಕಡೆ ಕೈ ಹಾಕಿಲ್ಲ. ಏಳನೇ ನಂಬರಿನವರು. ಅವರ ಎಣಿಕೆನ ತಪ್ಪು ಅಂತ ತೆಗೆದು, ಬೇರೆಯವರದ್ದು ಹಾಕಿ ಕಳಿಸಿದೀರ. ಯಾರು ಏಳನೇ ನಂಬರು?"

ವೇಣಕ್ಕ ಕೂರುತ್ತಿದ್ದ ಏಳನೇ ನಂಬರಿನ ಕುರ್ಚಿಯ ಮೇಲೆ ಆಗ ಹಳೆಯ ಕೀಬೋರ್ಡುಗಳನ್ನು ಪೇರಿಸಿದ್ದರು.

ಶ್ರೀಧರ್ ಗಂಟಲು ಸರಿಮಾಡಿಕೊಂಡರು. "ಹುಡುಗ್ರು ಓದಿಲ್ಲ ಮೇಡಂ. ಮಾರ್ಕೆಟ್ ಬುದ್ಧಿ. ನಮ್ಗೆ ಗೊತ್ತಿಲ್ದೇನೇ ಹೀಗ್ ಮಾಡಿದಾರೆ."

ನಾನು ಎದ್ದು ನಿಂತೆ. "ಸಾರ್, ನಾನು ಸುಳ್ಳು ಹೇಳ್ದೆ. ಒಪ್ಕೊಂತೀನಿ. ಆದ್ರೆ ಮಾರ್ಕೆಟ್ಟಿನ ಹೆಸರು ಎತ್ತಬೇಡಿ. ಅಲ್ಲಿ ಬಾಕ್ಸ್ ಸಮ ಇಲ್ಲ ಅಂತ ಯಾರ್ನೂ ಗಮನ ಇಲ್ದೋರು ಅಂತ ಬರ್ದು ಓಡ್ಸಲ್ಲ. ಆ ಬೋರ್ಡು ಯಾರ್ದು? ಆ ಕೆಂಪು ಪೆನ್ನು ಯಾರ್ದು?"

ಶ್ರೀಧರ್ ಫೋನು ಎತ್ತಿಕೊಂಡು ಹೊರಗೆ ಹೋದರು. ಫೋನು ರಿಂಗೇ ಆಗಿರಲಿಲ್ಲ.

ಮರುದಿನ ಆ ಸೊನ್ನೆಯ ಫೋಟೋವನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿಕೊಂಡು ರಾಯಲ್ಪಾಡಿನ ಬಸ್ಸು ಹತ್ತಿದೆ. ಗಾಜು ನಿಜಕ್ಕೂ ಕೊಳೆ. ವೇಣಕ್ಕ ಮನೆಯ ಮುಂದೆ ಗೋಣಿ ಹಾಸಿ ಮಾವಿನಕಾಯಿ ಆರಿಸುತ್ತಿದ್ದರು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಏನ್ಲಾ, ದಾರಿ ತಪ್ಪಿದ್ಯಾ?"

ಎಲ್ಲ ಹೇಳಿದೆ. ಮೇಡಂ ಬಂದದ್ದು, ಸುಳ್ಳು ಮರಿ, ಏಳನೇ ನಂಬರು. ಮತ್ತೆ ಎಲ್ಲ ಫೋಟೋಗಳನ್ನೂ ಮೊದಲಿಂದ ಎಣಿಸಬೇಕು, ಮೇಡಂ ನಿಮ್ಮನ್ನೇ ಕರೆಯುತ್ತಿದ್ದಾರೆ ಎಂದೆ. ಫೋಟೋ ಮುಂದಿಟ್ಟು, ನಿಮ್ಮ ಸೊನ್ನೆಯೇ ಸರಿಯಾಗಿತ್ತು ಎಂದೆ. ತಪ್ಪಾಯಿತು ಎಂದೂ ಹೇಳಿದೆ.

ಅವರು ಒಂದು ಕಾಯಿ ಎತ್ತಿ ತಿರುಗಿಸಿ ನೋಡಿ ಪಕ್ಕಕ್ಕೆ ಎಸೆದರು.

"ಸೊನ್ನೆ ಸರಿ ಅಂತ ನಂಗೆ ಅವತ್ತೇ ಗೊತ್ತಿತ್ತು. ಅದನ್ನ ಹೇಳೋಕೆ ಬಸ್ ಚಾರ್ಜ್ ಕೊಟ್ಕೊಂಡು ಬಂದ್ಯಾ?"

"ಮತ್ತೆ ಏನ್ ಮಾಡ್ಲಿ ವೇಣಕ್ಕ?"

"ಸುಳ್ಳನ್ನ ಹನ್ನೊಂದು ಜನದ ಮುಂದೆ ಹೇಳ್ದೆ. ನಿಜಾನ ಇಲ್ಲಿ, ಮಾವಿನ್ಕಾಯಿ ಮುಂದೆ ಹೇಳ್ತೀಯಾ? ಎಲ್ಲಿ ಹೇಳಿದ್ಯೋ ಅಲ್ಲೇ ಹೇಳು. ಆಮೇಲೆ ಬರೋದೋ ಬೇಡ್ವೋ ನಾನು ನೋಡ್ತೀನಿ."

ಹೊರಡುವಾಗ ಒಂದು ಚೀಲ ಕಾಯಿ ಕೊಟ್ಟರು. ಎಲ್ಲ ಕಪ್ಪು ಚುಕ್ಕೆಯವು. "ನಿನ್ ಕಣ್ಣಿಗೆ ಇವು ಚೆನ್ನಾಗೇ ಕಾಣ್ತವೆ, ತಗೊಂಡ್ ಹೋಗು," ಎಂದರು.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಅಷ್ಟರೊಳಗೆ ಮೇಲಿನ ಆಫೀಸಿನವರು ನಮ್ಮ ಗುರುತುಗಳನ್ನು ತೋರಿಸಿ ಒಂದು ಕಂಪ್ಯೂಟರ್ ಪ್ರೋಗ್ರಾಮಿಗೆ ಮರಿ ಹುಡುಕಲು ಕಲಿಸಿದ್ದರು. ಇನ್ನು ಮುಂದೆ ನೀವು ಅದು ಹುಡುಕಿದ್ದನ್ನು ಪರೀಕ್ಷಿಸಿದರೆ ಸಾಕು ಎಂದರು. ಅದಕ್ಕೆ ಖಾಲಿ ಜಾಗದ ಫೋಟೋ ಕೊಟ್ಟೆ. ನಾಲ್ಕು ಮರಿ ಹಾಕಿತು. ಇನ್ನೊಂದು ಕೊಟ್ಟೆ. ನಾಲ್ಕು. ನನ್ನ ಸುಳ್ಳನ್ನು ಅದು ಬಾಯಿಪಾಠ ಮಾಡಿತ್ತು. ಈಗ ಸೇರುವ ನೀವು ಹೆಚ್ಚಾಗಿ ಇಂಥ ಪ್ರೋಗ್ರಾಮಿನ ಪಕ್ಕವೇ ಕೂರುತ್ತೀರಿ. ಅದು ಹೇಳಿತು ಎಂದು ತಲೆ ಆಡಿಸಬೇಡಿ. ಅದಕ್ಕೆ ಕಲಿಸಿದವನು ನನ್ನಂಥವನೇ ಇರಬಹುದು.

ವೇಣಕ್ಕನ ಕಾಗದದ ಮೇಲಿನ ಆ ಸಾಲು ತೆಗೆಯಿರಿ ಎಂದು ಮೇಡಂ ಬರೆದರು, ನಾನೂ ಬರೆದೆ. ಒಮ್ಮೆ ಕಂಪ್ಯೂಟರಿಗೆ ಏರಿದ್ದನ್ನು ತೆಗೆಯಲು ಬರುವುದಿಲ್ಲ ಎಂದರು ಮೇಲಿನ ಆಫೀಸಿನವರು. ಇಲ್ಲದ ಮರಿ ಸೇರಿಸಲು ಬರುತ್ತದೆ, ಇರುವ ಸುಳ್ಳು ತೆಗೆಯಲು ಬರುವುದಿಲ್ಲ. ಮೇಡಂ ತಮ್ಮ ಕೈಯಿಂದಲೇ ಇನ್ನೊಂದು ಪತ್ರ ಬರೆದು, ಸಹಿ ಮಾಡಿ, ವೇಣಕ್ಕನಿಗೆ ಅಂಚೆಯಲ್ಲಿ ಕಳಿಸಿದರು. ಅದು ಅವರ ಹತ್ತಿರ ಇದೆ. ಆ ಸಾಲೂ ಅಲ್ಲೇ ಇದೆ.

ರಾಯಲ್ಪಾಡಿಗೆ ಹೋಗಿಬಂದ ಮುಂದಿನ ಸೋಮವಾರ ಬೆಳಿಗ್ಗೆ ಎಲ್ಲರೂ ಬಂದ ಮೇಲೆ ಗೋಡೆಯ ದೊಡ್ಡ ಪರದೆಯ ಮೇಲೆ ಅದೇ ಫೋಟೋ ಹಾಕಿದೆ. ನಾನು ಹೇಳಿಕಳಿಸಿದ್ದಕ್ಕೆ ವೇಣಕ್ಕ ಬಂದು ಬಾಗಿಲ ಹತ್ತಿರ ನಿಂತಿದ್ದರು. ಚಪ್ಪಲಿ ಬಿಟ್ಟಿರಲಿಲ್ಲ. ಶ್ರೀಧರ್ ತಮ್ಮ ಕ್ಯಾಬಿನ್ನಿನಲ್ಲೇ ಇದ್ದರು, ಬಾಗಿಲು ಅರ್ಧ ತೆರೆದಿತ್ತು. ಅವರಿಗೂ ಕೇಳುವ ಹಾಗೆ ಹೇಳಿದೆ. "ಇದಕ್ಕೆ ನಾನು ನಾಲ್ಕು ಅಂದಿದ್ದೆ. ಸುಳ್ಳು. ವೇಣಕ್ಕ ಸೊನ್ನೆ ಅಂದಿದ್ರು. ಸೊನ್ನೆನೇ."

ಮುಗಿಯಿತು ಎಂದುಕೊಂಡು ಕೂರಲು ಹೋದೆ.

"ಬೆರಳಿಟ್ಟು ತೋರ್ಸು," ಎಂದರು ವೇಣಕ್ಕ ಬಾಗಿಲಿಂದಲೇ.

ಪರದೆಯ ಹತ್ತಿರ ಹೋದೆ. ಆಗಲೇ ಎಡಗಣ್ಣು ಮಂಜಾಗಲು ಶುರುವಾಗಿತ್ತು, ಆದರೆ ಆ ನಾಲ್ಕು ಜಾಗ ಕಣ್ಣು ಮುಚ್ಚಿದರೂ ಗೊತ್ತಿತ್ತು. ಮೊದಲನೆಯದರ ಮೇಲೆ ಬೆರಳಿಟ್ಟೆ. "ಇದು ಮರಿ ಅಲ್ಲ. ತುಂಬಾ ದೂರದಲ್ಲಿರೋ ದೊಡ್ಡ ಗ್ಯಾಲಕ್ಸಿ. ದೂರಕ್ಕೆ ಸಣ್ಣದಾಗಿ ಕಾಣತ್ತೆ."

"ಹೂಂ."

"ಇದು ಧೂಳು."

"ಬಸ್ಸಿನ ಗಾಜು," ಎಂದರು ಯಾರೋ. ಒಂದಿಬ್ಬರು ನಕ್ಕರು. ವೇಣಕ್ಕ ನಗಲಿಲ್ಲ.

"ಇದು ಪಕ್ಕದ ನಕ್ಷತ್ರದ ಬೆಳಕು ದೂರದರ್ಶಕದ ಒಳಗೇ ಹೊಳೆದು ಬಿದ್ದಿರೋದು."

"ನಾಲ್ಕನೇದು?"

ನಾಲ್ಕನೆಯ ಜಾಗದಲ್ಲಿ ಬೆರಳಿಟ್ಟೆ. ಅಲ್ಲಿ ದೂರದ ಗ್ಯಾಲಕ್ಸಿ ಇರಲಿಲ್ಲ, ಧೂಳು ಇರಲಿಲ್ಲ, ಹೊಳಪೂ ಇರಲಿಲ್ಲ. ಮೂರಕ್ಕೆ ನಿಲ್ಲಿಸಿದ್ದರೆ ಸರಾಸರಿಗೆ ಒಂದು ಕಡಿಮೆ ಬೀಳುತ್ತಿತ್ತು, ಅದಕ್ಕೇ ಖಾಲಿ ಕಡೆ ಒತ್ತಿದ್ದೆ.

"ಇಲ್ಲಿ ಏನೂ ಇಲ್ಲ, ವೇಣಕ್ಕ. ಅವತ್ತೂ ಏನೂ ಇರ್ಲಿಲ್ಲ."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಏಳನೇ ನಂಬರಿನ ಕುರ್ಚಿಯ ಮೇಲಿದ್ದ ಕೀಬೋರ್ಡುಗಳನ್ನು ಎರಡು ಕೈಯಲ್ಲಿ ಎತ್ತಿ ನನ್ನ ಮೇಜಿನ ಮೇಲೆ ಧಡ್ಡಂತ ಇಟ್ಟರು. ಕೂತರು. ಫೋಟೋವನ್ನು ಉಲ್ಟಾ ಮಾಡಿ, ಆಕಾಶ ಬೆಳ್ಳಗೆ ಮಾಡಿಕೊಂಡು, ಎಣಿಕೆಯ ಜಾಗದಲ್ಲಿ ಮತ್ತೆ ಸೊನ್ನೆ ಒತ್ತಿದರು.

"ಏನ್ ನೋಡ್ತಾ ನಿಂತಿದೀಯ?" ಎಂದರು. "ಮುಂದಿನದು ಹಾಕು."